ಕೊರಳಲ್ಲಿ ಬಿಲ್ಲೆ ಕಟ್ಟಿಕೊಂಡ ಕುರಿ

ಅಂದು ಮಂಗಳವಾರ, ನಮ್ಮ ಬೀದಿಗೆ ನಳದ ನೀರು ಬರುವ ದಿನ. ಐದೂವರೆಗೆ ಎದ್ದು, ನಳದ ಬಾಯಿಗೆ ಪೈಪು ಸಿಕ್ಕಿಸಿ, ನೆಲದೊಳಗಿನ ತೊಟ್ಟಿಗೆ ನೀರು ಬಿಟ್ಟು, ಗೇಟಿಗೆ ನೇತುಹಾಕಿದ್ದ ಚೀಲದಿಂದ ಹಾಲಿನ ಪ್ಯಾಕೆಟ್ಟು ತೆಗೆದುಕೊಂಡು ಬಂದು, ಒಂದು ಒಲೆಯ ಮೇಲೆ ಹಾಲು, ಇನ್ನೊಂದರ ಮೇಲೆ ಕುಕ್ಕರ್ ಇಟ್ಟು ನಿಂತೆ. ಇಲ್ಲಿಯವರೆಗೆ ಹೈದರಾಬಾದಿನ ಮಲ್ಕಾಜ್‌ಗಿರಿಯ ಯಾವ ಗೃಹಿಣಿಯ ಬೆಳಗಿಗೂ ನನ್ನ ಬೆಳಗಿಗೂ ವ್ಯತ್ಯಾಸವೇನೂ ಇರಲಿಲ್ಲ. ಆಮೇಲೆ ಕುಕ್ಕರ್ ಸೀಟಿ ಹೊಡೆಯಿತು. ನಾನು ಬಲಗೈಯನ್ನು ಕಣ್ಣೆದುರು ಹಿಡಿದು ಬೆರಳು ಎಣಿಸಿದೆ. ಐದೇ ಇದ್ದವು. "ಇದು ಕನಸಲ್ಲ" ಎಂದು ನನಗೆ ನಾನೇ ಗಟ್ಟಿಯಾಗಿ ಹೇಳಿಕೊಂಡು ಹಾಲಿನ ಕಡೆ ತಿರುಗಿದೆ.

ಅಷ್ಟರಲ್ಲಿ ಪಕ್ಕದ ಮನೆಯ ಕುಕ್ಕರ್ ಕೂಗಿತು. ಮತ್ತೆ ಎಣಿಸಿದೆ. ಸೀಟಿ ಯಾರ ಮನೆಯದಾದರೂ ಎಣಿಸಬೇಕೆಂಬುದು ನಾನೇ ಮಾಡಿಕೊಂಡಿದ್ದ ನಿಯಮ. ನಮ್ಮ ಬೀದಿಯ ತುಂಬ ರೈಲ್ವೆಯವರು. ಅವರ ರೈಲುಗಳು ತಡವಾಗಬಹುದು, ಕುಕ್ಕರುಗಳು ಮಾತ್ರ ಟೈಮ್‌ಟೇಬಲ್ಲಿನ ಪ್ರಕಾರ ಸೀಟಿ ಹೊಡೆಯುತ್ತವೆ. ಏಳರಿಂದ ಎಂಟರವರೆಗೆ ಆಚೆ ಈಚೆ ಐದು ಅಡುಗೆಮನೆಗಳಿಂದ ಸಿಗ್ನಲ್ಲು. ನಾನು ಸೌಟು ಹಿಡಿದ ಕೈಯನ್ನೊಮ್ಮೆ, ಹಿಟ್ಟು ಮೆತ್ತಿದ ಕೈಯನ್ನೊಮ್ಮೆ ಮುಖದೆದುರು ತಂದು ಎಣಿಸಿದ್ದೇ ಎಣಿಸಿದ್ದು. ನಿಜವಾದ ರೈಲಿನ ಸೀಟಿಯನ್ನು ಮೊದಲೇ ಲೆಕ್ಕದಿಂದ ಕೈಬಿಟ್ಟಿದ್ದೆ. ಸ್ಟೇಷನ್ನಿನ ಪಕ್ಕದಲ್ಲಿದ್ದುಕೊಂಡು ಅದನ್ನೂ ಸೇರಿಸಿಕೊಂಡರೆ ಮನೆಗೆಲಸಕ್ಕೆ ಕೈ ಉಳಿಯುವುದಿಲ್ಲ.

ಬೇಳೆಗೆ ಮೂರು ಸೀಟಿ ಸಾಕು. ಬೆರಳು ಎಣಿಸುವ ಗಡಿಬಿಡಿಯಲ್ಲಿ ಸೀಟಿ ಎಣಿಸುವುದು ಮರೆತುಹೋಗಿ, ಒಲೆ ಆರಿಸುವ ಹೊತ್ತಿಗೆ ಎಷ್ಟಾಗಿದ್ದವೋ ದೇವರೇ ಬಲ್ಲ. ನಮ್ಮವರು ಜೀಡಿಮೆಟ್ಲಾದ ಒಂದು ಔಷಧಿ ಕಾರ್ಖಾನೆಯಲ್ಲಿ ಕೆಮಿಸ್ಟ್. ಬೆಳಿಗ್ಗೆಯೇ ಊಟ ಮಾಡಿ ಹೊರಡುವವರು. ತಟ್ಟೆಯಲ್ಲಿದ್ದುದನ್ನು ಚಮಚದ ತುದಿಯಿಂದ ಸರಿಸಿ, ಪರೀಕ್ಷೆಗೆ ಬಂದ ಪುಡಿಯನ್ನು ನೋಡುವ ಹಾಗೆ ಬಗ್ಗಿ ನೋಡಿದರು.

"ಇದರಲ್ಲಿ ಬೇಳೆ ಎಲ್ಲಿದೆ?"

"ಇದೆ. ಕಣ್ಣಿಗೆ ಕಾಣೋದಿಲ್ಲ ಅಷ್ಟೆ."

"ಇರಲಿ ಬಿಡು. ಪ್ರಯೋಗ ಅಂದಮೇಲೆ ಒಂದೆರಡು ಬ್ಯಾಚು ಹಾಳಾಗುತ್ತವೆ" ಎಂದು ಉಂಡು, ಡಬ್ಬಿ ತೆಗೆದುಕೊಂಡು ಹೋದರು. ಗಂಡ ವಿಜ್ಞಾನ ಓದಿದ್ದರೆ ಇದೊಂದು ಅನುಕೂಲ. ಕೆಟ್ಟ ಅಡುಗೆಗೂ ಮರ್ಯಾದೆಯ ಹೆಸರೊಂದು ಸಿಗುತ್ತದೆ.

ಬಟ್ಟೆ ಒಣಗಲು ಹಾಕುತ್ತಿದ್ದಾಗ ಕಾಂಪೌಂಡಿನ ಆಚೆಯಿಂದ ಶರಣಮ್ಮನ ತಲೆ ಮೇಲೆ ಬಂತು. ಶರಣಮ್ಮ ಯಾದಗಿರಿ ಕಡೆಯವರು. ಯಜಮಾನರು ರೈಲ್ವೆಯಲ್ಲಿ. ಹೈದರಾಬಾದಿಗೆ ಬಂದು ಇಪ್ಪತ್ತು ವರ್ಷವಾಗಿದೆ. ಬೀದಿಯಲ್ಲಿ ತೆಲುಗು, ಕೆಲಸದವಳೊಡನೆ ಹಿಂದಿ, ಗೋಡೆಗೆ ಮೊಣಕೈ ಊರಿದರೆ ಮಾತ್ರ ಅಪ್ಪಟ ಯಾದಗಿರಿ. ಅವರ ಅಡುಗೆಮನೆಯ ಕಿಟಕಿಗೂ ನಮ್ಮ ಮಲಗುವ ಕೋಣೆಯ ಕಿಟಕಿಗೂ ನಡುವೆ ಇರುವುದು ಕೈ ಚಾಚಿದರೆ ಮುಗಿಯುವಷ್ಟು ಗಲ್ಲಿ. ಅವರ ಒಗ್ಗರಣೆಗೆ ನಾನು ಇಲ್ಲಿ ಸೀನಿದರೆ, "ಖಾರ ಜಾಸ್ತಿ ಆತೇನ್ರಿ?" ಎಂದು ಅವರು ಅಲ್ಲಿಂದಲೇ ಕೇಳುತ್ತಾರೆ.

"ಏನ್ರಿ ಅಕ್ಕಾರ, ಕೈಯಾಗ ಮುಳ್ಳರ ಚುಚ್ಚೇತೇನ್ರಿ? ಎರಡ ತಿಂಗಳಿಂದ ನೋಡಾಕತ್ತೀನಿ, ಯಾವಾಗ ನೋಡಿದ್ರೂ ಅಂಗೈ ನೋಡ್ಕೋಂತ ನಿಂತಿರ್ತೀರಿ."

"ಮುಳ್ಳಲ್ಲ ಶರಣಮ್ಮ, ಬೆರಳು ಎಣಿಸ್ತಿದ್ದೆ."

"ಅಯ್ಯ, ಯಾಕ್ರಿ? ಕಮ್ಮಿ ಆಗ್ಯಾವೇನು?"

"ಹೆಚ್ಚಾಗಿವೆಯಾ ಅಂತ ನೋಡ್ತಿದ್ದೆ."

ಶರಣಮ್ಮ ಗೋಡೆಯ ಮೇಲೆ ಇನ್ನಷ್ಟು ಬಾಗಿದರು. ಆಮೇಲೆ ದನಿ ತಗ್ಗಿಸಿದರು. "ನಮ್ಮ ದೊಡ್ಡವ್ವಗೂ ಹಿಂಗ ಸುರು ಆಗಿತ್ರಿ. ಮೊದಲ ಬಟ್ಟಲಾ ಎಣಿಸ್ತಿದ್ಳು. ಆಮ್ಯಾಲ ಸೊಸೆಂದ್ರನ್ನ ಎಣಿಸಾಕ ಹತ್ತಿದ್ಳು. ಇದ್ದಾಕಿ ಒಬ್ಬಾಕೀನ. ಇರ್ಲಿ, ನೀವು ಪರೇಶಾನ್ ಆಗಬ್ಯಾಡ್ರಿ. ಅಮಾಸಿಗೆ ಒಂದ್ ನಿಂಬಿಹಣ್ಣು ಇಳಿಸಿ ಒಗದ್ರ ಎಲ್ಲಾ ಸರಿ ಆಕ್ಕೇತಿ."

ಆಗಲಿ ಎಂದೆ. ಕಾನ್ವೆಂಟಿನಲ್ಲಿ ಓದಿದವರಿಗೆ ಯಾರಿಗೂ ಇಲ್ಲ ಎನ್ನಲು ಬರುವುದಿಲ್ಲ.

ಇಷ್ಟಕ್ಕೆಲ್ಲ ಕಾರಣ ನಮ್ಮ ಮಹಡಿಯ ಮೇಲಿನ ಪಲ್ಲವಿ. ಉಡುಪಿಯ ಹುಡುಗಿ, ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ಆಗ ಹೈದರಾಬಾದಿನಲ್ಲಿ ಹೊಸ ಕಟ್ಟಡವೆಂದರೆ ಗಾಜಿನದು, ಹೊಸ ಬಾಡಿಗೆದಾರರೆಂದರೆ ಕೊರಳಲ್ಲಿ ಗುರುತಿನ ಚೀಟಿ ತೂಗುಹಾಕಿಕೊಂಡವರು ಎಂಬ ಕಾಲ. ಪಲ್ಲವಿಯೂ ಅದನ್ನು ಭಾನುವಾರವೂ ತೆಗೆಯುತ್ತಿರಲಿಲ್ಲ. ಅದನ್ನು ನೋಡಿದಾಗಲೆಲ್ಲ ನನಗೆ ಒಳಗೊಳಗೇ ಕಸಿವಿಸಿ. ಒಂದು ಭಾನುವಾರ ನಮ್ಮ ಹಜಾರದಲ್ಲಿ ಕೂತು ನನ್ನ ಜೊತೆ ಅಕ್ಕಿಯಲ್ಲಿ ಕಲ್ಲು ಆರಿಸುತ್ತ, "ಎಂತ ಆಂಟಿ, ನನ್ನ ಟ್ಯಾಗನ್ನೇ ನೋಡ್ತೀರಿ?" ಎಂದಳು. ತಡೆಯಲಾರದೆ ನನ್ನ ಕುರಿಯ ಕನಸನ್ನು ಹೇಳಿಬಿಟ್ಟೆ. ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದ ಹೆಂಗಸು ಕನಸಿನಲ್ಲಿ ಕುರಿಯೊಂದಕ್ಕೆ ಹೆದರಿ ಓಡುತ್ತಾಳೆಂದರೆ ಕೇಳಿದವರು ಏನಂದಾರು?

ಕನಸು ಹೀಗೆ. ನಾನು ನಮ್ಮ ಶಾಲೆಯ ವರಾಂಡದಲ್ಲಿ ನಿಂತಿರುತ್ತೇನೆ. ಎದುರಿಗೆ ಬಿಳಿ ಹತ್ತಿಯ ಕುರಿಯೊಂದು ಎರಡು ಕಾಲಿನ ಮೇಲೆ ನಡೆದು ಬರುತ್ತದೆ. ಅದರ ಕೊರಳಲ್ಲಿ ಮರದ ಬಿಲ್ಲೆ. ಹತ್ತಿರ ಬಂದು ನನ್ನನ್ನು ಸುಮ್ಮನೆ ನೋಡುತ್ತದೆ. ಆಗ ಎಲ್ಲಿಂದಲೋ ಕುಕ್ಕರಿನ ಸೀಟಿ. "ಅಯ್ಯೋ, ಒಲೆ ಆರಿಸಿ ಬಂದಿಲ್ಲ" ಎಂದು ನಾನು ಓಡುತ್ತೇನೆ. ಅಷ್ಟೆ. ವರ್ಷಕ್ಕೆ ನಾಲ್ಕೈದು ಸಲ, ಚಾಚೂತಪ್ಪದೆ ಇದೇ ಕನಸು. ಕುರಿ ಯಾರೆಂದು ನನಗೆ ಗೊತ್ತು. ಅದಕ್ಕೆ ಒಂದು ಮಾತು ಹೇಳುವುದಿದೆ ಎಂದೂ ಗೊತ್ತು. ಆದರೆ ಇದೆಲ್ಲ ಗೊತ್ತಾಗುವುದು ಎಚ್ಚರವಾದ ಮೇಲೆ, ಹಾಸಿಗೆಯಲ್ಲಿ. ಕನಸಿನೊಳಗೆ ನನಗೆ ಒಲೆಯದೊಂದೇ ಯೋಚನೆ.

ಕುರಿಯ ಹೆಸರು ಪದ್ಮಜಾ. ನಾವು ಪದ್ದಿ ಎನ್ನುತ್ತಿದ್ದೆವು, ಶಾಲೆಯ ಗೇಟಿನ ಹೊರಗೆ ಮಾತ್ರ. ಒಳಗೆ ಪದ್ದಿ ಎಂದರೂ ಅಪರಾಧವೇ.

ನಾನು ಓದಿದ್ದು ಬಳ್ಳಾರಿಯ ಒಂದು ಕಾನ್ವೆಂಟಿನಲ್ಲಿ. ಅಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತು ಆಡುವಂತಿರಲಿಲ್ಲ. ಬಳ್ಳಾರಿಯ ಮಕ್ಕಳ ಬಾಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಒಟ್ಟಿಗೇ ಹುಟ್ಟುತ್ತವೆ. ಆದ್ದರಿಂದ ನಮಗೆ ಒಂದಲ್ಲ, ಮೂರು ಬಾಯಿ ಮುಚ್ಚಿಕೊಳ್ಳುವ ಕಷ್ಟ. ಬೆಳಿಗ್ಗೆ ಯಾರು ಮೊದಲು ತಪ್ಪಿ ಮನೆಮಾತು ಆಡುತ್ತಾರೋ ಅವರ ಕೊರಳಿಗೆ ಬಿಲ್ಲೆ ಬೀಳುತ್ತಿತ್ತು. ಡಸ್ಟರಿನಷ್ಟು ದೊಡ್ಡ ಮರದ ತುಂಡು, ಅದಕ್ಕೆ ಸೆಣಬಿನ ಹುರಿ. ಕೊರಳಿಗೆ ಚುಚ್ಚುತ್ತಿತ್ತು. ಬಿಲ್ಲೆ ಹೊತ್ತವಳು ಇನ್ನೊಬ್ಬಳ ಬಾಯಿಂದ ಒಂದು ಮನೆಮಾತು ಹೊರಡುವವರೆಗೆ ಕಾದು, ಹೊರಟ ತಕ್ಷಣ ಅವಳ ಕೊರಳಿಗೆ ದಾಟಿಸಬೇಕು. ಹೀಗೆ ದಿನವಿಡೀ ಕೈಯಿಂದ ಕೈಗೆ, ಕೊರಳಿಂದ ಕೊರಳಿಗೆ ಹೋಗಿ, ಕೊನೆಯ ಗಂಟೆ ಹೊಡೆದಾಗ ಯಾರ ಕೊರಳಲ್ಲಿರುತ್ತದೋ ಅವರ ಹೆಸರು ಸಿಸ್ಟರ್ ಬೆನಡಿಕ್ಟಾ ಅವರ ಕೆಂಪು ಪುಸ್ತಕಕ್ಕೆ ಏರುತ್ತಿತ್ತು.

ಇದರಿಂದ ನಮ್ಮ ಇಂಗ್ಲಿಷ್ ಎಷ್ಟು ಸುಧಾರಿಸಿತೋ ಕಾಣೆ. ನಾವೆಲ್ಲ ಒಳ್ಳೆಯ ಗೂಢಚಾರಿಣಿಯರಾದದ್ದು ಮಾತ್ರ ನಿಜ. ಬಿಲ್ಲೆ ಹೊತ್ತವಳು ನಳದ ಹತ್ತಿರ ಅಡ್ಡಾಡುತ್ತಿದ್ದಳು. ತಣ್ಣೀರು ಮೈಮೇಲೆ ಬಿದ್ದರೆ ಯಾರೂ ಇಂಗ್ಲಿಷಿನಲ್ಲಿ ಬೆಚ್ಚಿಬೀಳುವುದಿಲ್ಲ. ನಾವು ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಇಂಗ್ಲಿಷಿನಲ್ಲಿ ನೋವಾಗುವುದನ್ನು ಅಭ್ಯಾಸ ಮಾಡುತ್ತಿದ್ದೆವು. ಇರುವೆ ಕಚ್ಚಿದರೂ ಒಂದು ಕ್ಷಣ ಯೋಚಿಸಿ, ಭಾಷಾಂತರ ಮಾಡಿ, ಆಮೇಲೆ ಚೀರುತ್ತಿದ್ದೆವು. ಇವತ್ತಿಗೂ ಬಾಣಲೆ ಸುಟ್ಟರೆ ನನ್ನ ಚೀರಾಟ ಕೊಂಚ ತಡವಾಗಿಯೇ ಬರುತ್ತದೆ. ನಮ್ಮವರು ಇದನ್ನು ನನ್ನ ತಾಳ್ಮೆಯೆಂದು ತಿಳಿದಿದ್ದಾರೆ.

ಐದನೆಯ ಕ್ಲಾಸಿನಲ್ಲಿ ಒಂದು ಶುಕ್ರವಾರ ಬಿಲ್ಲೆ ನನ್ನ ಕೊರಳಲ್ಲಿತ್ತು. ಮಧ್ಯಾಹ್ನವಾದರೂ ಯಾರೂ ಬಾಯಿ ಬಿಡಲಿಲ್ಲ. ಸಾಮಾನ್ಯ ದಿನವಾಗಿದ್ದರೆ ಹೆಸರು ಬರೆಸಿಕೊಂಡು ಮನೆಗೆ ಹೋಗುತ್ತಿದ್ದೆ. ಆದರೆ ಆ ವಾರ ಸಿಸ್ಟರ್ ಕ್ರಿಸ್ಮಸ್ ನಾಟಕಕ್ಕೆ ಪಾತ್ರ ಹಂಚಿದ್ದರು. ಆ ವಾರ ಕೆಂಪು ಪುಸ್ತಕದಲ್ಲಿ ಹೆಸರು ಬಂದವರಿಗೆ ಮಾತಿನ ಪಾತ್ರವಿಲ್ಲ ಎಂದೂ ಹೇಳಿದ್ದರು. ನನ್ನದು ದೊಡ್ಡ ಪಾತ್ರವೇನಲ್ಲ, ಛತ್ರದ ಬಾಗಿಲು ತೆಗೆದು "ಜಾಗವಿಲ್ಲ" ಎನ್ನುವ ಹೆಂಗಸು. ಪದ್ದಿಯದು ದೇವದೂತೆ. ಅವಳ ಇಂಗ್ಲಿಷ್ ನಮ್ಮೆಲ್ಲರಿಗಿಂತ ಚೆನ್ನಾಗಿತ್ತು.

ಪದ್ದಿಗೆ ತಾಯಿ ಇರಲಿಲ್ಲ. ಅಜ್ಜಿಯೇ ಸಾಕಿದ್ದು. ಆ ಅಜ್ಜಿ ಎಂದಾದರೊಂದು ದಿನ ಊಟದ ಬಿಡುವಿನಲ್ಲಿ ಮಂಡಕ್ಕಿ ಒಗ್ಗರಣೆ ಕಟ್ಟಿಕೊಂಡು ಗೇಟಿಗೆ ಬರುತ್ತಿದ್ದರು. ಅಂದು ಪದ್ದಿ ಬೇವಿನ ಮರದ ಕೆಳಗೆ ಕೂತು ತನ್ನ ಮಾತು ಬಾಯಿಪಾಠ ಮಾಡುತ್ತಿದ್ದಳು. ನಾನು ಹತ್ತಿರ ಹೋಗಿ, ಬಹಳ ಶುದ್ಧವಾದ ಇಂಗ್ಲಿಷಿನಲ್ಲಿ, ನಿನ್ನ ಅಜ್ಜಿ ಗೇಟಿನ ಹತ್ತಿರ ಬಂದಿದ್ದಾರೆ ಎಂದೆ.

ಪುಸ್ತಕ ಅಲ್ಲೇ ಬಿಟ್ಟು ಅವಳು ಓಡಿದಳು. ಎರಡೂ ಕೈ ಚಾಚಿಕೊಂಡು, "ಅಜ್ಜೀ! ಅಜ್ಜೀ!" ಎಂದು ಶಾಲೆಗೆಲ್ಲ ಕೇಳುವ ಹಾಗೆ ಕೂಗುತ್ತ ಓಡಿದಳು. ಗೇಟಿನ ಆಚೆ ಐಸ್‌ಕ್ಯಾಂಡಿಯ ಗಾಡಿಯೊಂದೇ ಇತ್ತು. ಅವಳು ತಿರುಗಿ ನೋಡಿದಾಗ ನಾನು ಬಿಲ್ಲೆ ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದೆ.

ಬೈಯಲಿಲ್ಲ, ಅಳಲಿಲ್ಲ. ನಾನು ಹಾಕಲು ಅನುಕೂಲವಾಗಲೆಂದು ಕೊರಳು ಬಗ್ಗಿಸಿದಳು. ಜಡೆಯನ್ನು ತಾನೇ ಪಕ್ಕಕ್ಕೆ ಸರಿಸಿಕೊಂಡಳು.

ಕೊನೆಯ ಗಂಟೆ ಹೊಡೆಯಿತು. ಪುಸ್ತಕಕ್ಕೆ ಅವಳ ಹೆಸರು ಹೋಯಿತು. ದೇವದೂತೆಯ ಪಾತ್ರ ನನಗೆ ಬಂತು. ಪದ್ದಿಗೆ ಮಾತಿಲ್ಲದ ಪಾತ್ರವೆಂದು ಕೊಟ್ಟಿಗೆಯ ಕುರಿ. ಬಳ್ಳಾರಿಯಲ್ಲಿ ಹತ್ತಿಗೇನು ಕೊರತೆ? ತಲೆಯಿಂದ ಮೊಣಕಾಲಿನವರೆಗೆ ಹತ್ತಿ ಅಂಟಿಸಿ, ಕಂದು ಕಾಗದದ ಕಿವಿ ಕಟ್ಟಿದರು. ನನಗೆ ಸಿಗರೇಟು ಪ್ಯಾಕಿನ ಬೆಳ್ಳಿಕಾಗದದ ರೆಕ್ಕೆ. ನಾಟಕದ ದಿನ ಸ್ಟೂಲಿನ ಮೇಲೆ ನಿಂತು, ಎರಡೂ ಕೈ ಎತ್ತಿ, ಬಾಯಿ ತೆರೆದೆ. ಇದ್ದದ್ದು ಒಂದೇ ವಾಕ್ಯ, ಅದೂ ಮರೆತುಹೋಯಿತು. ಊರಿನ ದೊಡ್ಡವರೆಲ್ಲ ಮುಂದಿನ ಸಾಲಿನಲ್ಲಿ. ಸಿಸ್ಟರ್ ಪರದೆಯ ಸಂದಿಯಿಂದ ನನ್ನನ್ನೇ ನುಂಗುವಂತೆ ನೋಡುತ್ತಿದ್ದಾರೆ. ಆಗ ನನ್ನ ಕಾಲ ಬಳಿ ಮಂಡಿಯೂರಿದ್ದ ಕುರಿ, ತುಟಿ ಅಲುಗದ ಹಾಗೆ, ಸಣ್ಣ ದನಿಯಲ್ಲಿ ಪೂರ್ತಿ ವಾಕ್ಯವನ್ನು ಹೇಳಿಕೊಟ್ಟಿತು. ನಾನು ಅದನ್ನೇ ಒಪ್ಪಿಸಿದೆ. ಚಪ್ಪಾಳೆ ನನಗೆ ಬಿತ್ತು.

ಮರುದಿನ ತಪ್ಪಾಯಿತು ಎಂದು ಹೇಳೋಣವೆಂದರೆ ಕ್ರಿಸ್ಮಸ್ ರಜೆ. ರಜೆ ಮುಗಿಸಿ ಬಂದಾಗ ಅವಳ ಬೆಂಚು ಖಾಲಿ. ಅವಳ ತಂದೆಗೆ ಕಾಲುವೆ ಇಲಾಖೆಯಲ್ಲಿ ಕೆಲಸ, ಎಲ್ಲಿಗೋ ವರ್ಗವಾಗಿತ್ತು. ಎಲ್ಲಿಗೆಂದು ಯಾರಿಗೂ ತಿಳಿಯದು. ಅಲ್ಲಿಂದ ಮುಂದೆ ಬಸ್ಸಿನಲ್ಲಿ ಕಾಲು ತುಳಿದವರಿಗೂ, ತುಳಿಸಿಕೊಂಡವರಿಗೂ ನಾನು ಲೆಕ್ಕವಿಲ್ಲದಷ್ಟು ಕ್ಷಮೆ ಕೇಳಿದ್ದೇನೆ. ಕೇಳಲೇಬೇಕಾಗಿದ್ದ ಒಂದು ಮಾತ್ರ ಬಾಕಿ. ಅದನ್ನು ಹೇಳಲು ನನಗೆ ಉಳಿದಿರುವ ಸ್ಥಳ ಆ ಕನಸಿನ ವರಾಂಡ ಒಂದೇ.

ಪಲ್ಲವಿ ಮೊದಲು ಕುರಿಗೆ ನಕ್ಕಳು. ಅಜ್ಜಿಯ ಸಂಗತಿ ಬಂದಾಗ ನಗು ನಿಲ್ಲಿಸಿ, ಕೊರಳಿನ ಚೀಟಿ ತೆಗೆದು ಜೇಬಿಗೆ ಹಾಕಿಕೊಂಡಳು. "ಆಂಟಿ, ಕನಸಿನ ಒಳಗೇ 'ಇದು ಕನಸು' ಅಂತ ಗೊತ್ತಾಗುವ ಹಾಗೆ ನೆನಪನ್ನು ಟ್ರೈನ್ ಮಾಡ್ಲಿಕ್ಕೆ ಆಗ್ತದೆ. ಗೊತ್ತಾದ್ರೆ ಮತ್ತೆ ಓಡುವುದು ಎಂತಕ್ಕೆ? ಅಲ್ಲೇ ನಿಂತು ಹೇಳ್ಬಹುದಲ್ಲ ಮಾರಾಯ್ರೆ" ಎಂದಳು. ಮರುದಿನವೇ ಆಫೀಸಿನ ಪ್ರಿಂಟರಿನಿಂದ ಒಂದು ಕಂತೆ ಕಾಗದ ತಂದುಕೊಟ್ಟಳು. ಅವಳಿಗೆ ಅನುಭವವೂ ಇತ್ತು. ಒಮ್ಮೆ ಕನಸಿನಲ್ಲಿ ತನ್ನ ಪ್ರೋಗ್ರಾಮಿನ ತಪ್ಪು ಹುಡುಕುತ್ತಿದ್ದವಳಿಗೆ ಇದು ಕನಸೆಂದು ಹೊಳೆದು, ಹಾಗಾದರೆ ತಪ್ಪೂ ಸುಳ್ಳು ಎಂದು ಹಾಯಾಗಿ ನಿದ್ದೆ ಮಾಡಿದ್ದಳಂತೆ. ಬೆಳಿಗ್ಗೆ ಆಫೀಸಿಗೆ ಹೋದರೆ ತಪ್ಪು ಇದ್ದಲ್ಲೇ ಇತ್ತು.

ಆ ಕಾಗದಗಳ ಪ್ರಕಾರ, ಎಚ್ಚರದಲ್ಲಿದ್ದಾಗ ದಿನಕ್ಕೆ ಹಲವು ಸಲ "ಇದು ಕನಸೇ?" ಎಂದು ಪರೀಕ್ಷೆ ಮಾಡಿಕೊಳ್ಳುತ್ತಿದ್ದರೆ, ಆ ಅಭ್ಯಾಸ ನಿದ್ದೆಯೊಳಗೂ ಹಿಂಬಾಲಿಸುತ್ತದೆ. ಪರೀಕ್ಷೆಗಳನ್ನೂ ಕೊಟ್ಟಿದ್ದರು. ಯಾವುದಾದರೂ ಬೋರ್ಡು ಓದಿ, ಆಚೆ ನೋಡಿ, ಮತ್ತೆ ಓದಬೇಕು. ಬರಹ ಬದಲಾಗಿದ್ದರೆ ಅದು ಕನಸು. ಬರೆದವರು ಹೈದರಾಬಾದ್ ನೋಡಿದವರಲ್ಲ. ನಮ್ಮ ಬೀದಿಯ ತಿರುವಿನಲ್ಲಿ ಟೈಲರಿಂಗ್ ಅಂಗಡಿಯಿದ್ದದ್ದು ಎಸ್‌ಟಿಡಿ ಬೂತಾಗಿ, ಬೂತು ಇಂಟರ್ನೆಟ್ ಸೆಂಟರ್ ಆಗಿ, ಅದು ಕಂಪ್ಯೂಟರ್ ಕಲಿಸುವ ಕೋಚಿಂಗ್ ಕ್ಲಾಸಾಗಿ, ನಾನು ಬ್ಲೌಸು ಹೊಲಿಯಲು ಕೊಟ್ಟಿದ್ದ ಟೈಲರು ಅಲ್ಲೇ ವಾಚ್‌ಮನ್ ಆಗಿದ್ದ. ಹಾಲು ತರಲು ಹೋಗಿ ಬರುವಷ್ಟರಲ್ಲಿ ಬೋರ್ಡು ಬದಲಾಗುವ ಊರಿನಲ್ಲಿ ಈ ಪರೀಕ್ಷೆ ಮಾಡಿದರೆ ವರ್ಷವಿಡೀ ಕನಸೇ.

ಇನ್ನೊಂದು, ಸ್ವಿಚ್ಚು ಒತ್ತಿ ನೋಡುವುದು. ಕನಸಿನಲ್ಲಿ ದೀಪ ಹತ್ತುವುದಿಲ್ಲವಂತೆ. ಬೇಸಿಗೆಯಲ್ಲಿ ದಿನಾ ಕರೆಂಟು ಹೋಗುತ್ತಿದ್ದ ಕಾಲದಲ್ಲಿ ಒಮ್ಮೆ ಸ್ವಿಚ್ಚು ಒತ್ತಿ, ಹತ್ತದಿರುವುದನ್ನು ಕಂಡು, ಕನಸೇ ಸರಿ ಎಂದು ಸಂಭ್ರಮದಿಂದ "ಪದ್ದೀ!" ಎಂದು ಕೂಗಿದೆ. ಸ್ನಾನದ ಮನೆಯಿಂದ ನಮ್ಮವರು, "ಯಾರು ಬಂದಿದ್ದಾರೆ?" ಎಂದರು.

ಉಳಿದದ್ದು ಬೆರಳಿನ ಪರೀಕ್ಷೆ. ಕನಸಿನಲ್ಲಿ ಬೆರಳು ಎಣಿಸಿದರೆ ಲೆಕ್ಕ ಸರಿಬರುವುದಿಲ್ಲ, ಒಂದು ಹೆಚ್ಚೋ ಕಡಿಮೆಯೋ ಆಗುತ್ತದೆ ಎಂದಿತ್ತು. ಇದು ಸುಲಭ, ಕೈ ಸದಾ ಜೊತೆಗಿರುತ್ತದೆ. ಆದರೆ ಎಣಿಸಬೇಕೆಂದು ನೆನಪಾಗುವುದು ಹೇಗೆ? ಅದಕ್ಕೂ ದಾರಿಯಿತ್ತು. ಕನಸಿನಲ್ಲಿ ಮತ್ತೆಮತ್ತೆ ಬರುವುದಕ್ಕೇ ಪರೀಕ್ಷೆಯನ್ನು ಗಂಟು ಹಾಕಿಟ್ಟುಕೊಳ್ಳಬೇಕು. ನನ್ನ ಕನಸಿನಲ್ಲಿ ತಪ್ಪದೆ ಬರುವುದು ಕುಕ್ಕರಿನ ಸೀಟಿ. ಸೀಟಿ ಕೇಳಿದೊಡನೆ ಬೆರಳು ಎಣಿಸುವ ವ್ರತ ಹೀಗೆ ಶುರುವಾಯಿತು.

ವ್ರತ ಹಿಡಿದ ಮೊದಲ ವಾರ ತರಕಾರಿಯವನ ತಳ್ಳುಗಾಡಿಯ ಮುಂದೆ ನಿಂತಿದ್ದೆ. ನಿಂಬೆಹಣ್ಣು ಕೇಳಿ ಚೀಲ ತೆರೆಯುವಾಗ ಎದುರು ಮನೆಯ ಕುಕ್ಕರ್ ಕೂಗಿತು. ನಾನು ಕೈ ಎತ್ತಿ, ಒಂದೊಂದೇ ಬೆರಳು ಮಡಚಿ, ಅವನ ಮುಖ ನೋಡಿದೆ. "ಆರೇ ಇಚ್ಚಾನಮ್ಮಾ!" ಎಂದ, ಆರು ಹಣ್ಣು ಸರಿಯಾಗಿ ಕೊಟ್ಟಿದ್ದೇನೆ ಎಂಬ ಅರ್ಥದಲ್ಲಿ. ಅಷ್ಟರಲ್ಲಿ ಇನ್ನೊಂದು ಸೀಟಿ. ಮತ್ತೆ ಎಣಿಸಿದೆ. ಅವನು ಇನ್ನೊಂದು ಹಣ್ಣು ಚೀಲಕ್ಕೆ ಹಾಕಿ ಗಾಡಿ ತಳ್ಳಿಕೊಂಡು ಹೋದ. ಬೇಡವೆನ್ನಲು ಹಿಂದೆ ಓಡಿದರೆ ಇನ್ನೂ ಜೋರಾಗಿ ತಳ್ಳಿದ.

ಮಲಗುವ ಮುನ್ನ ಹೇಳಿಕೊಳ್ಳುವ ಸಂಕಲ್ಪವೂ ಒಂದಿತ್ತು. ಮುಂದಿನ ಸಲ ಕನಸು ಬಿದ್ದಾಗ ಅದು ಕನಸೆಂದು ನೆನಪಿಟ್ಟುಕೊಳ್ಳುತ್ತೇನೆ ಎಂದು. ಕಾಗದದಲ್ಲಿ ಇಂಗ್ಲಿಷಿನಲ್ಲಿತ್ತು, ನಾನೂ ಇಂಗ್ಲಿಷಿನಲ್ಲೇ ಹೇಳಿದೆ. ಕೈಕಟ್ಟಿಕೊಂಡು, ಉಚ್ಚಾರ ಸ್ಪಷ್ಟವಾಗಿ, ವಾಕ್ಯದ ಕೊನೆಯಲ್ಲಿ ದನಿ ಇಳಿಸಿ. ಎರಡು ತಿಂಗಳು ಹೇಳಿದರೂ ಏನೂ ಆಗಲಿಲ್ಲ. ಈ ನಡುವೆ ಕುರಿ ಎರಡು ಸಲ ಬಂದು ಹೋಯಿತು. ಎರಡು ಸಲವೂ ಒಲೆಯ ಕಡೆ ಓಡಿದೆ.

ಪಲ್ಲವಿಗೆ ಹೇಳಿಕೊಂಡು ಅಳುವಷ್ಟಾದೆ. "ಹೇಗೆ ಹೇಳ್ತೀರಿ, ಒಮ್ಮೆ ಹೇಳಿ ನೋಡುವ" ಎಂದಳು. ಹೇಳಿದೆ. ಅವಳು ನಗು ತಡೆಯಲು ತುಟಿ ಕಚ್ಚಿಕೊಂಡಳು. "ಆಂಟಿ, ನೀವು ನಿಮಗೆ ಹೇಳ್ತಾ ಇಲ್ಲ. ಸಿಸ್ಟರಿಗೆ ಒಪ್ಪಿಸ್ತಾ ಇದ್ದೀರಿ. ಮನೆಯಲ್ಲಿ ಮಾತಾಡುವ ಹಾಗೆ ಕನ್ನಡದಲ್ಲಿ ಹೇಳಿ."

ಆ ರಾತ್ರಿಯಿಂದ ಕನ್ನಡದಲ್ಲಿ ಹೇಳತೊಡಗಿದೆ. ಬಳ್ಳಾರಿಯಲ್ಲಿ ಹೇಗೆ ಆಡುತ್ತಿದ್ದೆನೋ ಹಾಗೆ. "ಈ ಸಲ ಸೀಟಿ ಹೊಡದ್ರ ಓಡಬ್ಯಾಡ, ಮೊದಲು ಬೆರಳು ಎಣ್ಸು." ನಮ್ಮವರು ಹೊದಿಕೆಯೊಳಗಿಂದ, "ಎಣಿಸಿ ಆದ ಮೇಲೆ ದೀಪ ಆರಿಸು" ಎಂದರು.

ಇದಾಗಿ ಎಂಟನೆಯ ದಿನವೇ ನಾನು ಆರಂಭದಲ್ಲಿ ಹೇಳಿದ ಮಂಗಳವಾರ. ಬೆಳಗಿನ ಸೀಟಿಗಳ ಸಂಭ್ರಮ, ನಳದ ನೀರು, ಒಗೆತ ಎಲ್ಲ ಸೇರಿ ಸಾಕಾಗಿತ್ತು. ಊಟ ಮಾಡಿ, ಕಿಟಕಿ ತೆರೆದಿಟ್ಟು, ಅರ್ಧ ಗಂಟೆ ಕಾಲು ಚಾಚೋಣವೆಂದು ಮಲಗಿದೆ.

ಕುರಿ ಬಂತು. ಅದೇ ವರಾಂಡ, ಅದೇ ಹತ್ತಿ. ಒಂದು ಕಿವಿ ಕಿತ್ತು ನೇತಾಡುತ್ತಿತ್ತು. ಇಷ್ಟು ವರ್ಷ ಅದನ್ನು ನಾನು ಗಮನಿಸಿಯೇ ಇರಲಿಲ್ಲ. ಹತ್ತಿರ ಬಂದು ನಿಂತಿತು. ಸೀಟಿ ಹೊಡೆಯಿತು. ಅಯ್ಯೋ ಒಲೆ ಎಂದು ಒಂದು ಕಾಲು ಎತ್ತಿದೆ. ಎತ್ತಿದ ಕಾಲು ಹಾಗೇ ನಿಂತಿತು. ಸೀಟಿ ಹೊಡೆದರೆ ಏನೋ ಮಾಡಬೇಕಿತ್ತಲ್ಲ? ಏನದು? ಹಾಲು ನೋಡುವುದೇ? ಮೋಟರ್ ನಿಲ್ಲಿಸುವುದೇ? ಎಷ್ಟು ತಡಕಾಡಿದರೂ ನೆನಪಾಗದು. ನೋಡಿದರೆ ನಾನು ಸ್ಟೂಲಿನ ಮೇಲೆ ನಿಂತಿದ್ದೇನೆ, ಮುಂದಿನ ಸಾಲಿನಲ್ಲಿ ಊರಿನ ದೊಡ್ಡವರು, ಅವರ ನಡುವೆ ತರಕಾರಿಯವನೂ ಕೂತಿದ್ದಾನೆ. ಬಾಯಿ ತೆರೆದು ನಿಂತಿದ್ದೇನೆ.

ಆಗ ಕುರಿ, ತುಟಿ ಅಲುಗದ ಹಾಗೆ, ಸಣ್ಣ ದನಿಯಲ್ಲಿ ಹೇಳಿಕೊಟ್ಟಿತು. "ಬೆರಳು ಎಣ್ಸೇ."

ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು, ಐದು, ಆರು. ಆರನೆಯದಕ್ಕೆ ಬೆಳ್ಳಿಕಾಗದ ಸುತ್ತಿತ್ತು.

ಇದು ಕನಸು! ಆ ಕ್ಷಣದ ಸುಖವನ್ನು ಹೇಗೆ ಹೇಳಲಿ? ಒಲೆ ಇಲ್ಲ, ಕುಕ್ಕರ್ ಇಲ್ಲ, ಸುಡುವ ಬೇಳೆ ಇಲ್ಲ. ಹಾರಬಹುದು, ಬೇಕಾದ ಊರಿಗೆ ಹೋಗಬಹುದು ಎಂದು ಕಾಗದದಲ್ಲಿ ಬರೆದಿತ್ತು. ನಾನು ಸ್ಟೂಲಿನಿಂದ ಇಳಿದೆ, ಅಷ್ಟೆ. ಇಳಿದು ಕುರಿಯ ಎದುರು ನಿಂತು, "ತಪ್ಪಾತೇ ಪದ್ದಿ. ಅಜ್ಜಿ ಬಂದಿರಲಿಲ್ಲ. ಬಂದಾರಂತ ಸುಳ್ಳು ಹೇಳಿದ್ದೆ. ನಂದು ತಪ್ಪಾತು" ಎಂದೆ. ಒಮ್ಮೆ ಹೇಳಿದರೆ ಸಾಲದೆನಿಸಿ ಮತ್ತೆ ಹೇಳಿದೆ. ಗಟ್ಟಿಯಾಗಿ ಹೇಳಿದೆ. ಮೂಗು, ಕಣ್ಣು ಎಲ್ಲ ಸುರಿಯುತ್ತಿತ್ತು. ಮಂಡಕ್ಕಿಯ ವಿಷಯ, ರೆಕ್ಕೆಯ ವಿಷಯ, ಖಾಲಿ ಬೆಂಚಿನ ವಿಷಯ ಎಲ್ಲ ಹೇಳಿದೆ.

ಪದ್ದಿ ಕೇಳಿಸಿಕೊಂಡಳು. ಕೇಳುತ್ತ ಕೇಳುತ್ತ ಅವಳ ಮುಖ ಅರಳತೊಡಗಿತು. ಕ್ಷಮಿಸಿದಳೆಂದು ತಿಳಿದು ನಾನೂ ನಕ್ಕೆ. ಅವಳು ನಿಧಾನವಾಗಿ ಎರಡೂ ಕೈ ಮೇಲೆತ್ತಿ, ತನ್ನ ಕೊರಳಿನಿಂದ ಬಿಲ್ಲೆ ಬಿಚ್ಚಿ, ನನ್ನ ಮುಂದೆ ಹಿಡಿದಳು. ಆಗ ಹೊಳೆಯಿತು. ಇಷ್ಟು ಹೊತ್ತು ನಾನು ಶಾಲೆಯ ವರಾಂಡದಲ್ಲಿ ನಿಂತು, ಒಂದೇ ಒಂದು ಇಂಗ್ಲಿಷ್ ಪದವಿಲ್ಲದೆ, ಅಚ್ಚ ಬಳ್ಳಾರಿಯ ಕನ್ನಡದಲ್ಲಿ ಮಾತಾಡಿದ್ದೆ. ನಿಯಮ ಎಂದರೆ ನಿಯಮ.

ನಾನು ಕೊರಳು ಬಗ್ಗಿಸಿದೆ. ಜಡೆ ಪಕ್ಕಕ್ಕೆ ಸರಿಸಿಕೊಂಡೆ. ಸೆಣಬಿನ ಹುರಿ ಚುಚ್ಚಿತು. ಪದ್ದಿ ಹತ್ತಿ ಉದುರಿಸುತ್ತ, ಐಸ್‌ಕ್ಯಾಂಡಿಯ ಗಾಡಿಯ ಕಡೆ ಕುಣಿದುಕೊಂಡು ಹೊರಟುಹೋದಳು.

ಎಚ್ಚರವಾದಾಗ ಮೂರೂವರೆ. ಬೆರಳು ಎಣಿಸಿದೆ, ಐದು. ದಿಂಬು ಒದ್ದೆಯಾಗಿತ್ತು. ಕೊರಳು ಸವರಿಕೊಂಡೆ, ತಾಳಿಯ ಸರವೊಂದೇ ಇತ್ತು. ಎದ್ದು ಮುಖ ತೊಳೆದು, ಬೆಳಿಗ್ಗೆ ಕಣ್ಣಿಗೆ ಕಾಣದಷ್ಟು ಕರಗಿದ್ದ ಬೇಳೆಗೆ ಕಡಲೆಹಿಟ್ಟು ಕಲಸಿ ಏನೋ ಒಂದು ಮಾಡಿದೆ. ಏನೆಂದು ಹೆಸರಿಡಲು ನಮ್ಮವರು ಬರಬೇಕಿತ್ತು. ಕೆಲಸ ಮಾಡುತ್ತ ಮಾಡುತ್ತ ಕೈ ತಾನಾಗಿ ಕೊರಳಿಗೆ ಹೋಗುತ್ತಿತ್ತು. ಭಾರವೆನಿಸಲಿಲ್ಲ. ಇನ್ನೊಬ್ಬರಿಗೆ ದಾಟಿಸಬೇಕೆಂದೂ ಅನಿಸಲಿಲ್ಲ. ಪಲ್ಲವಿ ಆಫೀಸಿನಿಂದ ಬಂದ ಮೇಲೆ ಹೇಳಬೇಕೆಂದುಕೊಂಡೆ. ಅವಳ ಗಾಡಿ ಯಾವತ್ತೂ ಎಂಟಕ್ಕೆ ಮೊದಲು ಬಂದದ್ದಿಲ್ಲ.

ಸಂಜೆ ದೀಪ ಹಚ್ಚಿ ಬಟ್ಟೆ ತೆಗೆಯಲು ಹೋದೆ. ಗೋಡೆಯ ಮೇಲೆ ಶರಣಮ್ಮನ ಮೊಣಕೈ ಸಿದ್ಧವಾಗಿತ್ತು. ಇನ್ನೊಂದು ಕೈಯಲ್ಲಿ ಚಹಾದ ಲೋಟ.

"ಮಧ್ಯಾಹ್ನ ಯಾರ್ರಿ ಬಂದಿದ್ರು ನಿಮ್ಮನೀಗೆ? ಭಾಂಡಿ ತಿಕ್ಕಾಕತ್ತಿದ್ದೆ, ಎಲ್ಲಾ ಕೇಳಸ್ತಿತ್ತು. ಪದ್ದಿ, ಪದ್ದಿ ಅಂತ ಅದೆಷ್ಟ್ ಮಾತಾಡಿದ್ರಿ!"

"ನಮ್ಮ ಶಾಲೆಯ ಗೆಳತಿ" ಎಂದೆ. ಸುಳ್ಳೇನಲ್ಲವಲ್ಲ.

"ಭಾಳ ದಿನಕ್ಕ ಬಂದಿದ್ರೇನು?"

"ಬಹಳ ದಿನಕ್ಕೆ."

ಶರಣಮ್ಮ ಲೋಟ ಬರಿದು ಮಾಡಿ, ತಳದ ಚಹಾಪುಡಿಯನ್ನು ತುಳಸಿಯ ಬುಡಕ್ಕೆ ಚೆಲ್ಲಿ, ಒಳಗೆ ಹೋಗುತ್ತ ಹೇಳಿದರು: "ಹಂಗಾದ್ರ ಆಕಿಗೆ ಒಂದ್ ಕಪ್ ಚಾನೂ ಕೊಡದ ಕಳಿಸಿದ್ರಲ್ರಿ ಅಕ್ಕಾರ. ನಾ ಕಿವಿ ಕೊಟ್ಟ ಕುಂತಿದ್ದೆ, ಕಪ್ಪು ಬಶಿ ಸಪ್ಪಳನ ಕೇಳಲಿಲ್ಲ."